ದೊಡ್ಡಮ್ಮನ ಮನೇಲಿ ಗ್ಯಾಸ್ ಇದೆ, ಒಲೆನೂ ಉರೀತಿದೆ

ಹೋದ ವಾರ ಶಿರಾ ಹತ್ರ ನಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಬೆಳಗ್ಗೆ ಎಚ್ಚರ ಆಗಿದ್ದೇ ಅವರ ಕೆಮ್ಮಿಗೆ. ಎದ್ದು ನೋಡಿದ್ರೆ ಅಡುಗೆಮನೆ ತುಂಬ ಹೊಗೆ, ರಾತ್ರಿ ಮಳೆಗೆ ತೆಂಗಿನ ಮಟ್ಟೆ ಎಲ್ಲ ನೆಂದುಹೋಗಿದೆ, ಊದುಗೊಳವೆ ಹಿಡ್ಕೊಂಡು ಊದೂ ಊದೂ ಕಣ್ಣೆಲ್ಲ ಕೆಂಪಗಾಗಿದೆ. ಪಕ್ಕದ ಕಟ್ಟೆ ಮೇಲೆ ಗ್ಯಾಸ್ ಸ್ಟವ್ ಇದೆ, ಧೂಳು ಕೂರಬಾರ್ದು ಅಂತ ಹಳೇ ಟವೆಲ್ ಹೊದಿಸಿದ್ದಾರೆ.

"ಯಾಕೆ ದೊಡ್ಡಮ್ಮ, ಗ್ಯಾಸ್ ಹಚ್ಚಬಾರ್ದಾ?" ಅಂದೆ.

"ಅದು ಯಾರಾದ್ರೂ ಬಂದ್ರೆ ಟೀ ಕಾಯಿಸೋಕೆ ಕಣಪ್ಪ. ದಿನಾ ಹಚ್ಚಿದ್ರೆ ತಿಂಗಳಿಗೇ ಖಾಲಿ, ಆಮೇಲೆ ದುಡ್ಡೆಲ್ಲಿಂದ ತರ್ಲಿ?"

ಅವತ್ತಿಂದ ಇದೇ ತಲೇಲಿ ಕೂತಿದೆ. ಬಡವರ ಮನೆಗೆ ಗ್ಯಾಸ್ ಕನೆಕ್ಷನ್ ಕೊಡೋ ಕೇಂದ್ರ ಸರ್ಕಾರದ ಉಜ್ವಲ ಯೋಜನೆ ಶುರುವಾಗಿದ್ದು 2016ರ ಮೇ 1ಕ್ಕೆ, ಉತ್ತರ ಪ್ರದೇಶದ ಬಲಿಯಾದಲ್ಲಿ. ಈಗ 10 ಕೋಟಿಗೂ ಜಾಸ್ತಿ ಮನೆಗಳಿಗೆ ಕನೆಕ್ಷನ್ ಹೋಗಿದೆ, ಅದೂ ಮನೆ ಹೆಂಗಸಿನ ಹೆಸರಲ್ಲಿ. ಇದು ಸಣ್ಣ ಕೆಲಸ ಅಲ್ವೇ ಅಲ್ಲ, ನಮ್ಮ ಅಜ್ಜಿ ಕಾಲದಲ್ಲಿ ಗ್ಯಾಸ್ ಅಂದ್ರೆ ಮೇಷ್ಟ್ರ ಮನೇಲೋ ಡಾಕ್ಟ್ರ ಮನೇಲೋ ಮಾತ್ರ. ಆದ್ರೆ ಸರ್ಕಾರದ ಲೆಕ್ಕದಲ್ಲೇ ನೋಡಿ, ಉಜ್ವಲ ಮನೆಗಳು ವರ್ಷಕ್ಕೆ ತುಂಬಿಸಿಕೊಳ್ತಿದ್ದ ಸಿಲಿಂಡರ್ 2019-20ರಲ್ಲಿ ಸರಾಸರಿ 3, 2023-24ರಲ್ಲಿ ಸುಮಾರು 4. ಮೂರೂ ಹೊತ್ತು ಗ್ಯಾಸಲ್ಲೇ ಬೇಯಿಸೋ ಮನೆಗೆ ನಾಲ್ಕು ಸಿಲಿಂಡರ್ ಎಲ್ಲಿ ಸಾಕಾಗುತ್ತೆ? ಮಿಕ್ಕ ದಿನ ಸೌದೆನೇ.

ಸಬ್ಸಿಡಿ ಇಲ್ವಾ ಅಂತ ಕೇಳಬಹುದು. ಇದೆ, 2023ರ ಅಕ್ಟೋಬರಿಂದ ಸಿಲಿಂಡರಿಗೆ 300 ರೂಪಾಯಿ. ಆದ್ರೆ ಮೊದ್ಲು ಪೂರ್ತಿ ದುಡ್ಡು ಎಣಿಸಿ ಕೊಡ್ಬೇಕು, ಸಬ್ಸಿಡಿ ಆಮೇಲೆ ಬ್ಯಾಂಕಿಗೆ ಬರುತ್ತೆ. ಕೂಲಿ ಮಾಡೋರ ಕೈಯಲ್ಲಿ ಒಂದೇ ಸಲ ಅಷ್ಟು ದುಡ್ಡು ಇರೋದು ಯಾವಾಗ? ಸೌದೆಗೆ ದುಡ್ಡು ಕೇಳೋರಿಲ್ಲ, ತೋಟದಲ್ಲಿ ಬಿದ್ದ ಗರಿ, ಮಟ್ಟೆ, ತೊಗರಿ ಕಡ್ಡಿ, ಎಲ್ಲ ಪುಕ್ಕಟೆ, ಅದಕ್ಕೆ ಕೊಡೋ ಬೆಲೆ ಸೊಂಟದ್ದು, ಎದೆಯದ್ದು. ಮನೆ ಒಳಗಿನ ಹೊಗೆಯಿಂದಾನೇ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತಿದ್ದಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ, ಅದ್ರಲ್ಲಿ ಐದು ವರ್ಷದೊಳಗಿನ ಮಕ್ಕಳೇ ಎರಡು ಲಕ್ಷಕ್ಕೂ ಮೇಲೆ.

ದುಡ್ಡಿನ ಜೊತೆ ಇನ್ನೊಂದು ವಿಷ್ಯ ಇದೆ, ಇದು ಕೂತು ನೋಡಿದ್ಮೇಲೇ ನಂಗೆ ಗೊತ್ತಾಗಿದ್ದು. ಮುದ್ದೆ. ಸೌದೆ ಒಲೆ ನೆಲದ ಮೇಲಿರುತ್ತೆ, ಹಿಟ್ಟು ಬೆಂದ ಮೇಲೆ ಪಾತ್ರೆನ ಹಾಗೇ ಪಕ್ಕಕ್ಕೆ ಇಳಿಸಿ, ಕವೆಗೋಲು ಕೊಟ್ಟು ಕಾಲಲ್ಲಿ ಒತ್ತಿಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವ್ತಾರೆ. ಗ್ಯಾಸಾದ್ರೆ ಕುದಿಯೋ ಪಾತ್ರೆನ ಸೊಂಟದೆತ್ತರದ ಕಟ್ಟೆಯಿಂದ ನೆಲಕ್ಕೆ ಇಳಿಸ್ಬೇಕು, ಮಂಡಿನೋವಿರೋ ದೊಡ್ಡಮ್ಮಂಗೆ ಅದು ಆಗಲ್ಲ. ಸ್ಟವ್ವೇ ಕೆಳಗಿಡೋಣ ಅಂದ್ರೆ ಅದು ಸಿಲಿಂಡರಿಗಿಂತ ಎತ್ತರದಲ್ಲೇ ಇರ್ಬೇಕು ಅನ್ನೋ ನಿಯಮ ಇದೆ. ಇದನ್ನ ಅವರ ಹತ್ರ ಯಾರೂ ಕೂತು ಮಾತಾಡಿಲ್ಲ, ಸ್ಟವ್ ಕೊಟ್ಟು ಫೋಟೋ ತಗೊಂಡು ಹೋಗಿದ್ದಾರೆ ಅಷ್ಟೇ.

ಇನ್ನು ಬಚ್ಚಲೊಲೆ, ಹಂಡೆ ನೀರು ಕಾಯಿಸೋಕೆ ಯಾರೂ ಗ್ಯಾಸ್ ಸುಡಲ್ಲ, ಆ ಹೊಗೆನೂ ಮನೆಯೊಳಗೇ.

ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಲ್ಲಿ 1974ರಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿ ಅವ್ರು ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡೋಕೆ ಅಂತ ಅಸ್ತ್ರ ಅನ್ನೋ ಕೇಂದ್ರ ಕಟ್ಟಿದ್ರು. ಅಲ್ಲಿಂದ ಬಂದಿದ್ದೇ ಅಸ್ತ್ರ ಒಲೆ, ಚಿಮಣಿ ಇರೋದು, ಸೌದೆ ಕಮ್ಮಿ ಸಾಕು. ಗ್ಯಾಸ್ ಬಂತು ಅಂತ ಇದನ್ನ ಮರೆತುಬಿಟ್ವಿ, ಅದು ತಪ್ಪು ಅನ್ಸುತ್ತೆ ನಂಗೆ. ಗ್ಯಾಸಿಗೆ ಪೂರ್ತಿ ಬದಲಾಗೋವರೆಗೂ ಉರಿಯೋ ಒಲೆಗೊಂದು ಚಿಮಣಿ ಆದ್ರೂ ಬೇಡ್ವಾ? ಇನ್ನು ಸಬ್ಸಿಡಿ ಕಳೆದು ಉಳಿದ ದುಡ್ಡು ಮಾತ್ರ ಮನೆ ಬಾಗಿಲಲ್ಲಿ ತಗೊಂಡ್ರೆ, 5 ಕೆಜಿ ಸಿಲಿಂಡರ್ ಹಳ್ಳಿ ಅಂಗಡೀಲೇ ಸಿಗೋ ಹಾಗಾದ್ರೆ, ಎಷ್ಟೋ ಜನ ದಿನಾ ಗ್ಯಾಸ್ ಹಚ್ತಾರೆ.

ಬರೋವಾಗ ಒಂದು ಸಿಲಿಂಡರ್ ಬುಕ್ ಮಾಡಿ ಬಂದೆ, ಇನ್ಮೇಲೆ ಎರಡು ತಿಂಗಳಿಗೊಂದು ನನ್ನ ಲೆಕ್ಕದಲ್ಲಿ ಅಂತ ಹೇಳಿದೀನಿ. ನಿನ್ನೆ ಫೋನ್ ಮಾಡಿದ್ರೆ ದೊಡ್ಡಮ್ಮ, "ಅನ್ನ ಸಾರು ಗ್ಯಾಸಲ್ಲೇ ಮಾಡ್ತಿದೀನಪ್ಪ, ಮುದ್ದೆ ಮಾತ್ರ ಒಲೆಗೆ" ಅಂದ್ರು. ಮಧ್ಯದಲ್ಲಿ ಎರಡು ಸಲ ಕೆಮ್ಮಿದ್ರು.