ಕಾಲು ಅಂಕದ ಸಿಟ್ಟು

ಲಂಡನ್ನಿನ ನಮ್ಮ ಪಕ್ಕದ ಮನೆಯ ಅಜ್ಜನಿಗೆ ಎಂಬತ್ತು ದಾಟಿದೆ. ಮೊನ್ನೆ ಭಾನುವಾರ ಬೇಲಿ ಕತ್ತರಿಸುತ್ತ ಮಾತಿಗೆ ನಿಂತವರು, ಯಾವುದೋ ಹೊಸ ಬಾಕ್ಸಿಂಗ್ ಪಂದ್ಯದ ತೀರ್ಪನ್ನು ಬೈಯುತ್ತಲೇ ಎಂದಿನಂತೆ 1971ಕ್ಕೆ ಹೋಗಿ ಮುಟ್ಟಿದರು. ಆ ವರ್ಷದ ಮಾರ್ಚ್ 16ರಂದು ವೆಂಬ್ಲಿಯಲ್ಲಿ 36 ವರ್ಷದ ಹೆನ್ರಿ ಕೂಪರ್, 21ರ ಹುಡುಗ ಜೋ ಬಗ್ನರ್ ಎದುರು ಸೋತರು. ಆಗ ಇಲ್ಲಿ ಅಂಕ ಹಾಕುತ್ತಿದ್ದವರು ರೆಫರಿ ಒಬ್ಬರೇ. 15 ಸುತ್ತು ಮುಗಿದಾಗ ಹ್ಯಾರಿ ಗಿಬ್ಸ್ ಲೆಕ್ಕದಲ್ಲಿ ಬಗ್ನರ್‌ಗೆ 73¾, ಕೂಪರ್‌ಗೆ 73½. ಆ ಕಾಲು ಅಂಕಕ್ಕೆ ಬ್ರಿಟಿಷ್, ಕಾಮನ್‌ವೆಲ್ತ್, ಯುರೋಪಿಯನ್ ಪಟ್ಟಗಳು ಮೂರೂ ಹೋದವು. ಕೂಪರ್ ಮತ್ತೆ ಕಣಕ್ಕಿಳಿಯಲಿಲ್ಲ, ಗಿಬ್ಸ್ ಜೊತೆ ಹಲವು ವರ್ಷ ಮಾತನ್ನೂ ಆಡಲಿಲ್ಲ.

ತೀರ್ಪುಗಾರರು ಮೂವರಿದ್ದಿದ್ದರೆ ಹೀಗಾಗುತ್ತಿರಲಿಲ್ಲವೇನೋ ಎಂದೆ. ಅಜ್ಜ ನಕ್ಕರು. 1999ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಮೂವರೇ ಇದ್ದರಲ್ಲ? ಲೆನಾಕ್ಸ್ ಲೂಯಿಸ್ ಹೊಡೆದ 348 ಗುದ್ದುಗಳು ತಾಗಿದ್ದವು, ಇವಾಂಡರ್ ಹೋಲಿಫೀಲ್ಡ್ ಅವರದು 130. ಆದರೂ ಒಬ್ಬರು ಲೂಯಿಸ್ ಗೆದ್ದರೆಂದರು, ಒಬ್ಬರು ಹೋಲಿಫೀಲ್ಡ್ ಎಂದರು, ಇನ್ನೊಬ್ಬರು ಸಮ ಎಂದರು; ಪಂದ್ಯ ಡ್ರಾ ಆಯಿತು. ಲೂಯಿಸ್ ನವೆಂಬರಿನಲ್ಲಿ ಮತ್ತೆ ಆಡಿ ಗೆಲ್ಲಬೇಕಾಯಿತು.

ನನಗೆ ಊರಿನ ಜಂಬ ಬಂತು. ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಈ ಕಾಲು, ಅರೆಯ ಲೆಕ್ಕವೇ ಬೇಡ, ಬೆನ್ನಿಗೆ ಹತ್ತಿದ ಮಣ್ಣೇ ಸಾಕ್ಷಿ ಎಂದುಬಿಟ್ಟೆ.

"ಆ ಮಣ್ಣನ್ನು ನೋಡಿ ಹೇಳುವವರು ಯಾರು?" ಎಂದರು ಅಜ್ಜ.

ನಮ್ಮ ಅಪ್ಪ. ಗರಡಿಯಲ್ಲಿ ಪಳಗಿದವರೆಂದು ಊರ ಹಿರಿಯರು ಒಂದು ಜಾತ್ರೆಯಲ್ಲಿ ಅವರನ್ನು ನಿರ್ಣಯಕ್ಕೆ ನಿಲ್ಲಿಸಿದ್ದರು. ನಾನು ಕಣದ ಅಂಚಿನಲ್ಲಿ ಕೂತಿದ್ದೆ. ನಮ್ಮ ಗರಡಿಯ ಪೈಲ್ವಾನನೊಬ್ಬ ಹಳ್ಳಿಯಿಂದ ಬಂದ ಹುಡುಗನನ್ನು ಕೆಡವಿದ ಕೂಡಲೇ ಅಪ್ಪ ಚಿತ್, ಅಂದರೆ ಎರಡೂ ಹೆಗಲು ನೆಲಕ್ಕೆ ತಾಗಿವೆ, ಎಂದು ಕೈ ಎತ್ತಿದರು, ಹಲಗೆ ಜೋರಾಯಿತು. ಹುಡುಗ ಎದ್ದು, "ಉಸ್ತಾದ್ರೇ, ಬೆನ್ನು ನೋಡ್ರಿ" ಎಂದು ತಿರುಗಿ ನಿಂತ. ಎಡ ಹೆಗಲಿಗೆ ಮಣ್ಣು ದಟ್ಟವಾಗಿ ಹತ್ತಿತ್ತು. ಬಲ ಹೆಗಲ ಮೇಲೆ ಬೆವರು ಮಾತ್ರ ಹೊಳೆಯುತ್ತಿತ್ತು. ಅಪ್ಪ ನೋಡಿದರು, ಅವರು ನೋಡಿದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಬೆಳ್ಳಿ ಕಡಗ ನಮ್ಮ ಪೈಲ್ವಾನನ ಕೈಗೆ ಏರಿತ್ತು, ಹೂವಿನ ಹಾರ ಬಿದ್ದಿತ್ತು, ಮುಂದಿನ ಜೋಡಿಯ ಹೆಸರನ್ನೂ ಕೂಗಿಯಾಗಿತ್ತು. ನಮ್ಮವನೇ ಗೆದ್ದನೆಂದು ಆ ರಾತ್ರಿ ಬೀದಿಯಲ್ಲೆಲ್ಲ ಮೆರೆದೆವು. ಅಪ್ಪ ಊಟಕ್ಕೆ ಏಳಲಿಲ್ಲ. ಮುಂದಿನ ಜಾತ್ರೆಗೆ ಕರೆಯಲು ಬಂದವರಿಗೆ ಮಂಡಿ ನೋವೆಂದು ಹೇಳಿ ಕಳಿಸಿದರು.

ಇದಿಷ್ಟನ್ನೂ ನನ್ನ ಮುರುಕು ಇಂಗ್ಲಿಷಿನಲ್ಲಿ ಅಜ್ಜನಿಗೆ ಹೇಳಿದೆ. ಅಪ್ಪ ಎಷ್ಟು ನೊಂದರು ಎಂಬುದನ್ನೇ ಎರಡು ಸಲ ಹೇಳಿದೆನೆಂದು ತೋರುತ್ತದೆ. ಅವರು ಅಪ್ಪನ ವಿಷಯ ಏನೂ ಕೇಳಲಿಲ್ಲ.

"ಆ ಹುಡುಗ ಮತ್ತೆ ಕುಸ್ತಿ ಹಿಡಿದನೇ?" ಎಂದರು.

ಅವನ ಹೆಸರೂ ನನಗೆ ನೆನಪಿಗೆ ಬರಲಿಲ್ಲ.