ಪೀಠದ ಮೇಲಿನ ಪ್ಲೇಗ್ ಚಿತ್ರ

ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಹೋದವರೆಲ್ಲ ಮೊದಲು ಮಾಡುವುದು ಒಂದೇ ಕೆಲಸ. ತಲೆ ಎತ್ತಿ ಬಾಯಿ ಬಿಡುವುದು. ಸೂರಿನ ತುಂಬ, ಗೋಡೆಯ ತುಂಬ ಚಿತ್ರ. ಬೆಂಗಳೂರಿಂದ ಬಂದಿದ್ದ ಅಕ್ಕನ ಮಗನೂ ಹಾಗೇ ನಿಂತುಬಿಟ್ಟ.

"ಚಿಕ್ಕಮ್ಮ, ಗೋಡೆ ಮೇಲೆ ಆ ಡಿಸೈನ್ ಕೆತ್ತಿದ್ದಾ?"

"ಅಲ್ಲ ಮಾರಾಯ, ಅದೂ ಬಣ್ಣವೇ."

ಅವನಿಗೆ ನಂಬಿಕೆ ಬರಲಿಲ್ಲ. ಎಡಕ್ಕೆ ಹೋದ, ಬಲಕ್ಕೆ ಬಂದ, ಬಗ್ಗಿ ನೋಡಿದ. ಎಲ್ಲಿಂದ ನೋಡಿದರೂ ನೆರಳು ಇದ್ದಲ್ಲೇ ಇತ್ತು. ಬರೆದ ನೆರಳು ಕಿಟಕಿಯ ಬೆಳಕಿಗೆ ಕದಲುತ್ತದಾ? ಆಮೇಲೆ ಒಪ್ಪಿಕೊಂಡ.

ಇದನ್ನೆಲ್ಲ ಬರೆದವರು ಇಟಲಿಯ ಬ್ರದರ್ ಆಂಟೋನಿಯೊ ಮೊಸ್ಕೇನಿ. ಬೆರ್ಗಾಮೊ ಹತ್ತಿರದ ಊರಿನವರು. 1899ರ ಹೊತ್ತಿಗೆ ಶುರು ಮಾಡಿ ಎರಡು ವರ್ಷ ಚಿಲ್ಲರೆಯಲ್ಲಿ ಮುಗಿಸಿದರಂತೆ. ಇಲ್ಲಿ ಕ್ಯಾನ್ವಾಸಿನ ಮೇಲಿನ ತೈಲಚಿತ್ರವೂ ಉಂಟು, ಗೋಡೆಯ ಫ್ರೆಸ್ಕೊವೂ ಉಂಟು. ಫ್ರೆಸ್ಕೊ ಅಂದರೆ ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಗಟ್ಟಿಯಾಗುವಾಗ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಒಂದು ದಿನಕ್ಕೆ ಎಷ್ಟು ಬರೆಯಲು ಆಗುತ್ತದೋ ಅಷ್ಟೇ ಗಾರೆ ಮೆತ್ತಬೇಕು. ತಪ್ಪಿದರೆ ಕೆರೆದು ತೆಗೆದು ಮತ್ತೆ ಶುರು. ನಮ್ಮ ಜೂನ್ ತಿಂಗಳಲ್ಲಿ ಹೊರಗೆ ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಅಂಥ ಊರಲ್ಲಿ ಈ ಕೆಲಸ!

ಒಳಗೆ ಫೋಟೊ ತೆಗೆಯುವ ಹಾಗಿರಲಿಲ್ಲ. ಒಳ್ಳೆಯದೇ ಆಯಿತು. ಬೆಂಚಿನ ಮೇಲೆ ಕೂತು ಒಂದೇ ಚಿತ್ರ ನೋಡೋಣ ಅಂದುಕೊಂಡೆ. ಪೂಜೆ ನಡೆಯುವ ಪೀಠದ ಮೇಲ್ಭಾಗದಲ್ಲಿ, ನಟ್ಟನಡುವೆ ಇರುವ ಚಿತ್ರ. ಅಲೋಶಿಯಸ್ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಿರುವುದು.

ಸೂರಿನ ಚಿತ್ರಗಳ ವೈಭವ ಜಾಸ್ತಿ, ನಿಜ. ಸ್ವಲ್ಪ ನಾಟಕದ ಸೀನರಿ ಥರವೂ ಅನಿಸುತ್ತದೆ. ಇದು ಹಾಗಲ್ಲ. ಇಲ್ಲಿ ಸಂತನಿಗಿಂತ ಮೊದಲು ಕಣ್ಣಿಗೆ ಬೀಳುವುದು ಕಾಯಿಲೆಯವರು. ಕೈಕಾಲಲ್ಲಿ ಬಲವಿಲ್ಲದ ಮೈಗಳು. ಆ ಭಾರ ಗೊತ್ತಾಗುವ ಹಾಗೆ ಬರೆದಿದ್ದಾರೆ.

ಅಲೋಶಿಯಸ್ ಗೊನ್ಜಾಗ ದೊಡ್ಡ ಮನೆತನದ ಹಿರಿಮಗ. ಆಸ್ತಿ, ಅಧಿಕಾರ ತಮ್ಮನಿಗೆ ಬಿಟ್ಟುಕೊಟ್ಟು ಕ್ಯಾಥೊಲಿಕ್ ಸನ್ಯಾಸಿಗಳ ಜೆಸ್ವಿಟ್ ಸಂಘ ಸೇರಿದ. 1591ರಲ್ಲಿ ರೋಮಿನಲ್ಲಿ ಪಿಡುಗು ಬಂದಾಗ ರೋಗಿಗಳನ್ನು ಎತ್ತಿ ಆಸ್ಪತ್ರೆಗೆ ಸಾಗಿಸಿದ. ರೋಗ ಅವನಿಗೂ ತಗಲಿತು. ಸಾಯುವಾಗ ವಯಸ್ಸು 23.

"ಮಾಸ್ಕ್ ಇಲ್ವಾ?" ಅಂದ ಹುಡುಗ. ಕೊರೊನಾ ನೋಡಿದ ತಲೆಮಾರು ಅಲ್ವಾ, ಅದೇ ಮೊದಲು ಹೊಳೆಯುತ್ತದೆ. ಪಕ್ಕದ ಮನೆಯಲ್ಲಿ ಕೆಮ್ಮಿದರೆ ಇಲ್ಲಿ ಕಿಟಕಿ ಮುಚ್ಚಿದ ದಿನಗಳು ನನಗೂ ಮರೆತಿಲ್ಲ.

ಇದನ್ನು ರೋಮಿನ ಹಳೆ ಕಥೆ ಅಂತ ಬಿಡುವ ಹಾಗಿಲ್ಲ. ಮೊಸ್ಕೇನಿ ಕುಂಚ ಹಿಡಿದು ನಿಂತಿದ್ದಾಗ ಪ್ಲೇಗ್ ನಮ್ಮ ದೇಶದಲ್ಲೇ ಇತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡದ್ದು ಆಮೇಲೆ ಊರೂರಿಗೆ ಹಬ್ಬಿತು. 1902ರಲ್ಲಿ ಇಲ್ಲೇ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಪ್ಲೇಗ್ ರೋಗಿಗಳಿಗಾಗಿ ಆಸ್ಪತ್ರೆ ತೆರೆದರು. ಅವರೂ ಜೆಸ್ವಿಟ್, ಇದೇ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಮಾಡಿದವರು. ಆ ವರ್ಷ ಇಲ್ಲಿ ಪೂಜೆಗೆ ಮಂಡಿಯೂರಿದವರಿಗೆ ಈ ಚಿತ್ರ ಹೇಗೆ ಕಂಡಿರಬೇಡ! ಅವರ ಪಾಲಿಗೆ ಅದು ಬರೀ ಅಲಂಕಾರ ಆಗಿರಲು ಸಾಧ್ಯವಿಲ್ಲ. ಇವನ ಹಾಗೆ ಹತ್ತಿರ ಹೋಗುತ್ತೀಯಾ, ಇಲ್ಲ ಊರು ಬಿಡುತ್ತೀಯಾ ಅಂತ ಪೀಠದಿಂದಲೇ ಕೇಳಿದ ಹಾಗೆ.

ಬ್ರದರ್ ಮೊಸ್ಕೇನಿ ವಾಪಸ್ ಇಟಲಿಗೆ ಹೋಗಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. 1990ರ ದಶಕದಲ್ಲಿ ಹಳೆಯ ಕಟ್ಟಡ, ಕಲೆಗಳನ್ನು ಕಾಪಾಡುವ ಸಂಸ್ಥೆಯಾದ ಇಂಟ್ಯಾಕ್‌ನವರು ಇಲ್ಲಿನ ಚಿತ್ರಗಳನ್ನು ಜೀರ್ಣೋದ್ಧಾರ ಮಾಡಿದ್ದಾರೆ.

ಹುಡುಗನಿಗೆ ಮಾತ್ರ ಸೂರೇ ಇಷ್ಟ. "ಪ್ಲೇಗ್ ಚಿತ್ರ ಬೇಜಾರು ಚಿಕ್ಕಮ್ಮ" ಅಂದ. ಬೇಜಾರಾಗಲಿ ಅಂತಲೇ ಬರೆದದ್ದು ಅಂದೆ. ಗುಡ್ಡೆ ಇಳಿಯುವವರೆಗೂ ನಮ್ಮ ಜಗಳ ಮುಗಿಯಲಿಲ್ಲ.