ಒಂಟಿ ಮರದ ಬೀಜವೂ ಬೇಕು

ತೀರ್ಥಹಳ್ಳಿ ಹತ್ತಿರದ ನಮ್ಮ ನರ್ಸರಿಗೆ ಕಾಡುಮರದ ಸಸಿ ಕೇಳಿಕೊಂಡು ಬರುವವರು ಜಾತಿ ಯಾವುದು, ಎಷ್ಟೆತ್ತರ ಬಂದಿದೆ ಅಂತ ವಿಚಾರಿಸುತ್ತಾರೆ. ಬೀಜ ಎಷ್ಟು ಮರಗಳಿಂದ ತಂದದ್ದು ಅಂತ ಕೇಳುವವರು ತೀರಾ ಕಡಿಮೆ. ನನಗೀಗ ಅದೇ ದೊಡ್ಡ ಪ್ರಶ್ನೆಯಾಗಿದೆ. ಕೊಡಗಿನ ಬಿಳಿ ಅಗಿಲು ಮರಗಳ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನ ಅದಕ್ಕೆ ಕಾರಣ.

ಬಿಳಿ ಅಗಿಲು ನಮ್ಮ ಪಶ್ಚಿಮಘಟ್ಟದ್ದೇ ಮರ, ಬೇವಿನ ಕುಟುಂಬದ್ದು. ನಾಟಾಕ್ಕೆ ಅಂತ ಕಡಿದು ಕಡಿದು ಈಗ ಅಳಿವಿನಂಚಿಗೆ ಬಂದಿದೆ. 216 ಚದರ ಕಿಲೋಮೀಟರ್ ಜಾಗದಲ್ಲಿ, ತೋಟ ಮತ್ತು ಕಾಡುತುಂಡುಗಳ ನಡುವೆ ಚದುರಿ ನಿಂತ ಈ ಮರಗಳಲ್ಲಿ ಯಾವ ಬೀಜಕ್ಕೆ ಯಾವ ಮರ ಅಪ್ಪ ಅಂತ ವಿಜ್ಞಾನಿಗಳು ಹುಡುಕಿದರು.

ತಾಯಿ ಯಾರು ಅನ್ನುವುದಕ್ಕೆ ಕಷ್ಟವಿಲ್ಲ, ಬೀಜ ಕೊಯ್ದ ಮರವೇ ತಾಯಿ. ಅಪ್ಪನನ್ನು ಹಿಡಿಯಲು ಡಿಎನ್‌ಎ ಬೇಕು. ಡಿಎನ್‌ಎಯ ಕೆಲವು ಕಡೆ ಒಂದೇ ಪುಟ್ಟ ತುಣುಕು ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಅನ್ನುವುದು ಮರದಿಂದ ಮರಕ್ಕೆ ಬೇರೆ. ಈ ಗುರುತುಗಳಿಗೆ ಮೈಕ್ರೋಸ್ಯಾಟಲೈಟ್ ಅಂತಾರೆ. ಒಂದೊಂದು ಗುರುತಿಗೂ ಎರಡು ಎಣಿಕೆ ಇರುತ್ತದೆ, ಒಂದು ತಾಯಿಯಿಂದ ಬಂದದ್ದು, ಇನ್ನೊಂದು ಅಪ್ಪನಿಂದ. ತಾಯಿಯಲ್ಲಿ 14 ಮತ್ತು 17, ಸಸಿಯಲ್ಲಿ 14 ಮತ್ತು 21 ಇದೆ ಅಂದುಕೊಳ್ಳಿ. 14 ತಾಯಿ ಕೊಟ್ಟದ್ದು, 21 ಪರಾಗದ ಜೊತೆ ಬಂದದ್ದು. 21 ಇರುವ ಮರಗಳು ಸುತ್ತಲೂ ಹಲವು ಇರಬಹುದು, ಹಾಗಾಗಿ ಒಂದೇ ಗುರುತು ಸಾಲದು. ಇವರು ಬಳಸಿದ್ದು 11. ಅಷ್ಟೂ ಕಡೆ ತಾಳೆಯಾದ ಮರವನ್ನು ಅಪ್ಪ ಅಂತ ಧೈರ್ಯವಾಗಿ ಹೇಳಬಹುದು.

ಸಿಕ್ಕ ಉತ್ತರ ನನ್ನನ್ನು ಹಿಡಿದು ನಿಲ್ಲಿಸಿತು. ಒಂಟಿಯಾಗಿ ನಿಂತ ಮರಗಳಿಗೆ ಎಷ್ಟೋ ಸಲ 5 ಕಿಲೋಮೀಟರಿಗಿಂತ ದೂರದಿಂದ, ಬೇರೆ ಬೇರೆ ಮರಗಳ ಪರಾಗ ಬಂದಿತ್ತು! ತೊಂದರೆ ಕಂಡದ್ದು ಮರಗಳು ವಿರಳವಾಗಿ ಉಳಿದ ಕಾಡುತುಂಡುಗಳಲ್ಲಿ. ಅಲ್ಲಿ ಹತ್ತಿರದ ಮರಗಳ ನಡುವೆಯೇ ಕೂಡಿಕೆ ಹೆಚ್ಚು, ಕೂಡಿದವುಗಳಲ್ಲಿ ನೆಂಟಸ್ತಿಕೆಯೂ ಹೆಚ್ಚು. ಬೀಜ ತಾಯಿಯ ಬುಡದಲ್ಲೇ ಬಿದ್ದು ಹುಟ್ಟಿದರೆ ಅಕ್ಕಪಕ್ಕದವು ಅಣ್ಣತಮ್ಮಂದಿರೇ ಆಗಿರುತ್ತವೆ ತಾನೆ? ಮಂಗಟ್ಟೆ ಹಕ್ಕಿ ಬೀಜ ನುಂಗಿ ದೂರ ಹೊತ್ತೊಯ್ಯುವುದು ಎಷ್ಟು ದೊಡ್ಡ ಕೆಲಸ ಅಂತ ಇಲ್ಲಿ ಗೊತ್ತಾಗುತ್ತದೆ.

ಗದ್ದೆ ಬದುವಿನಲ್ಲೋ ಅಡಿಕೆ ತೋಟದ ಅಂಚಿನಲ್ಲೋ ಒಂದೇ ಮರ ಉಳಿದಿದ್ದರೆ, 'ಇದರಿಂದ ಇನ್ನೇನು ವಂಶ ಬೆಳೆದೀತು' ಅಂತ ನಮ್ಮ ಕಡೆ ಕೈಬಿಡುತ್ತಾರೆ. ನನ್ನ ಪ್ರಕಾರ ಆ ಮರವನ್ನೇ ಮೊದಲು ಕಾಯಬೇಕು. ಹಾಗಂತ ಅದೊಂದರ ಬೀಜದಲ್ಲೇ ಇಡೀ ಬೆಟ್ಟಕ್ಕೆ ಸಸಿ ಮಾಡಿದರೆ ಎಲ್ಲವೂ ಒಂದೇ ತಾಯಿಯ ಮಕ್ಕಳಾಗುತ್ತವೆ, ಅದೂ ಬೇಡ. ದೂರ ದೂರದ ಮರಗಳ ಬೀಜ ಸೇರಬೇಕು.

ಅದಕ್ಕೇ ಈಗ ಪ್ರತಿ ಪಾತಿಗೂ ತಾಯಿಮರದ ಚೀಟಿ ಹಾಕಿ, ಸಸಿ ಕೊಡುವಾಗ ಎಲ್ಲ ಪಾತಿಗಳಿಂದಲೂ ಬೆರೆಸಿ ಕೊಡುತ್ತಿದ್ದೇನೆ. ನಿಮ್ಮ ಜಮೀನಿನಲ್ಲಿ ಒಂಟಿ ಅಗಿಲು ಇದ್ದರೆ ದಯವಿಟ್ಟು ಉಳಿಸಿ, ಕಾಯಿ ಬಿರಿದಾಗ ಹೇಳಿ ಕಳಿಸಿ. ಈ ಬೀಜ ಇಟ್ಟರೆ ಬೇಗ ಸಾಯುತ್ತದೆ, ಸುದ್ದಿ ಮುಟ್ಟಿದ ಕೂಡಲೇ ಬಂದು ಹೆಕ್ಕಿಕೊಳ್ಳುತ್ತೇನೆ.